‘ವೆಕ್ಸ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ‘ಕಿರಿಕಿರಿ’ ಸಾಕೇ?

ಹನುಮಂತನಗರದ ಅಧ್ಯಾಪಕಿ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತೇನೆ. ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳೇ ಹೆಚ್ಚಾಗಿರುವುದರಿಂದ, ಕಷ್ಟದ ಸಾಲು ಎದುರಾದಾಗ ಅದನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಮುಂದಕ್ಕೆ ಹೋಗುವುದು ನನ್ನ ರೂಢಿ. ಕಳೆದ ವಾರ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಕೊನೆಯ ದೃಶ್ಯಕ್ಕೆ ಬಂದಿದ್ದೆವು. ಮಗಳ ಶವವನ್ನು ತೋಳಿನಲ್ಲಿ ಹೊತ್ತು ತಂದ ಮುದಿ ದೊರೆ ಕುಸಿದು ಪ್ರಾಣ ಬಿಡುತ್ತಿದ್ದಾನೆ. ಎಡ್ಗರ್ ಅವನನ್ನು ಎಚ್ಚರಿಸಲು ನೋಡುತ್ತಾನೆ. ಆಗ ಕೆಂಟ್ ಅವನನ್ನು ತಡೆದು ‘ವೆಕ್ಸ್ ನಾಟ್ ಹಿಸ್ ಘೋಸ್ಟ್’ ಎನ್ನುತ್ತಾನೆ. ಒಬ್ಬ ಹುಡುಗ ಎದ್ದು ನಿಂತು, ‘ಅವನ ದೆವ್ವಕ್ಕೆ ಕಿರಿಕಿರಿ ಮಾಡಬೇಡಿ’ ಎಂದು ಅನುವಾದಿಸಿದ. ತರಗತಿಯೆಲ್ಲ ನಕ್ಕಿತು. ಆ ಹುಡುಗನದೇನೂ ತಪ್ಪಿಲ್ಲ, ನಿಘಂಟು ಮೊದಲು ಕೊಟ್ಟ ಅರ್ಥವನ್ನೇ ಅವನು ಹೇಳಿದ್ದ. ಆದರೆ ಅದಕ್ಕಿಂತ ಒಳ್ಳೆಯ ಮಾತು ನನ್ನ ಬಾಯಿಗೂ ಆ ಕ್ಷಣ ಬರಲಿಲ್ಲವೆಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ.

ಇದೇ ಮಕ್ಕಳು ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನೂ ಓದುತ್ತಾರೆ. ಅದರ ಮೊದಲ ಅಧ್ಯಾಯದಲ್ಲೇ ಬೆನೆಟ್ ದಂಪತಿಗಳ ಮಾತುಕತೆಯಿದೆ. ನನ್ನನ್ನು ‘ವೆಕ್ಸ್’ ಮಾಡುವುದರಲ್ಲಿಯೇ ನಿಮಗೆ ಸಂತೋಷ, ನನ್ನ ನರಗಳ ಮೇಲೆ ನಿಮಗೆ ಕನಿಕರವೇ ಇಲ್ಲ ಎಂದು ಹೆಂಡತಿ ಗಂಡನನ್ನು ಆಕ್ಷೇಪಿಸುತ್ತಾಳೆ. ಸಾಯುತ್ತಿರುವ ದೊರೆಯ ಹತ್ತಿರ ಆಡಿದ ಮಾತಿನಲ್ಲೂ ಅದೇ ಕ್ರಿಯಾಪದ, ಮನೆಯೊಳಗಿನ ಸಣ್ಣ ಜಗಳದಲ್ಲೂ ಅದೇ ಕ್ರಿಯಾಪದ. ಆ ಪದ ಕಾಲಕ್ರಮದಲ್ಲಿ ಸವೆದು ಸಣ್ಣದಾಯಿತೇ, ಅಥವಾ ಮೊದಲಿನಿಂದಲೂ ಅದಕ್ಕೆ ಎರಡೂ ತೂಕ ಇದ್ದವೇ? ಕನ್ನಡದಲ್ಲಿ ಅದಕ್ಕೆ ಒಂದೇ ಪದ ಸಿಗುವುದೇ? ತಿಳಿದವರು ದಯವಿಟ್ಟು ಹೇಳಬೇಕು.

ಮಲ್ಲೇಶ್ವರದ ಓದುಗ:
ಮೇಡಂ, ಆ ಅನುವಾದದಲ್ಲಿ ಮೊದಲು ತಿದ್ದಬೇಕಾದದ್ದು ‘ಕಿರಿಕಿರಿ’ಯಲ್ಲ, ‘ದೆವ್ವ’. ಹಳೆಯ ಇಂಗ್ಲಿಷಿನಲ್ಲಿ ‘ಘೋಸ್ಟ್’ ಎಂದರೆ ಉಸಿರು, ಪ್ರಾಣ, ಆತ್ಮ. ‘ಹೋಲಿ ಘೋಸ್ಟ್’ ಎಂಬುದನ್ನು ನಮ್ಮಲ್ಲಿ ‘ಪವಿತ್ರಾತ್ಮ’ ಎಂದೇ ಕರೆದಿರುವುದನ್ನು ನೆನಪಿಸಿಕೊಳ್ಳಿ. ಕೆಂಟ್ ಹೇಳುತ್ತಿರುವುದು ಹೊರಟು ನಿಂತಿರುವ ಜೀವದ ಮಾತು.

ಅನುವಾದಕಿ, ಜಯನಗರ:
ಬೆನೆಟ್ ದಂಪತಿಗಳ ಸಾಲಿಗೆ ಕನ್ನಡದಲ್ಲಿ ಬಹಳ ಒಳ್ಳೆಯ ಪದವಿದೆ, ಅದು ‘ಗೋಳುಹೊಯ್ದುಕೊಳ್ಳುವುದು’. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಆ ಪದದ ಕೊನೆಯಲ್ಲಿರುವ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವನ್ನು ಗಮನಿಸಿ. ಕಾಡಿಸುವವನು ಅದರಿಂದ ತಾನೇ ಏನೋ ಒಂದು ಸುಖವನ್ನು ಪಡೆಯುತ್ತಿದ್ದಾನೆ ಎಂಬ ಸೂಚನೆ ಅದರಲ್ಲಿದೆ. ‘ಅವರು ನನಗೆ ತೊಂದರೆ ಕೊಟ್ಟರು’ ಎಂದರೆ ಕೊಟ್ಟವರ ಮನಸ್ಸು ಏನೆಂದು ತಿಳಿಯುವುದಿಲ್ಲ. ‘ಅವರು ನನ್ನನ್ನು ಗೋಳುಹೊಯ್ದುಕೊಂಡರು’ ಎಂದರೆ ಕೊಟ್ಟವರ ಮುಖದ ನಗೆಯೂ ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ಸಂತೋಷವನ್ನು ಹೇಳಲು ಆಸ್ಟಿನ್ ಬೇರೆ ಪದವನ್ನು ಸೇರಿಸಬೇಕಾಯಿತು. ನಮ್ಮಲ್ಲಿ ಅದು ಕ್ರಿಯಾಪದದ ಒಳಗೇ ಇದೆ. ‘ರೀ, ನನ್ನನ್ನು ಗೋಳುಹೊಯ್ದುಕೊಳ್ಳುವುದೆಂದರೆ ನಿಮಗೆ ಹಬ್ಬ’ ಎಂದು ಬರೆದರೆ ಕನ್ನಡದ ಓದುಗರಿಗೆ ಆ ಹೆಂಗಸಿನ ದನಿ ಕೇಳಿಸುತ್ತದೆ.

ಆದರೆ ಇದೇ ಪದವನ್ನು ಲಿಯರ್ ಸತ್ತ ಜಾಗಕ್ಕೆ ಒಯ್ಯಲು ಸಾಧ್ಯವೇ ಇಲ್ಲ. ಆದ್ದರಿಂದ ಎರಡಕ್ಕೂ ಒಂದೇ ಕನ್ನಡ ಪದವನ್ನು ಹುಡುಕುವ ಪ್ರಯತ್ನವನ್ನು ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ರಾಜಾಜಿನಗರ ಎರಡನೇ ಬ್ಲಾಕ್:
ಅಷ್ಟು ಬೇಗ ಬಿಡಬಾರದು. ಬೇರೆ ಬೇರೆ ಪದ ಬಳಸಿದರೆ, ಮೂಲದಲ್ಲಿ ಎರಡೂ ಒಂದೇ ಪದವೆಂಬುದು ಮಕ್ಕಳಿಗೆ ಗೊತ್ತಾಗುವುದಾದರೂ ಹೇಗೆ?

ಲ್ಯಾಟಿನ್ ಕಲಿತವನು:
ನಾನು ಯೌವನದಲ್ಲಿ ಕೆಲವು ವರ್ಷ ಸೆಮಿನರಿಯೊಂದರಲ್ಲಿ ಲ್ಯಾಟಿನ್ ಓದಿದ್ದೇನೆ. ಅಧ್ಯಾಪಕಿಯವರು ಎತ್ತಿರುವ ಪ್ರಶ್ನೆಯನ್ನು ರೋಮನ್ನರು ಸಾವಿರದ ಎಂಟುನೂರು ವರ್ಷಗಳಿಗೂ ಹಿಂದೆಯೇ ಚರ್ಚಿಸಿದ್ದರು ಎಂದರೆ ಇಲ್ಲಿನ ಕೆಲವರಿಗಾದರೂ ಸಂತೋಷವಾಗಬಹುದು.

‘ವೆಕ್ಸ್’ ಪದ ಲ್ಯಾಟಿನ್ನಿನ ‘ವೆಕ್ಸಾರೆ’ಯಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅಲುಗಾಡಿಸು, ಕುಲುಕು, ಹಿಂಸಿಸು ಎಂಬ ಅರ್ಥಗಳು ಅದಕ್ಕಿವೆ. ವರ್ಜಿಲ್ ಕವಿ ತನ್ನ ಆರನೆಯ ಗೋಪಗೀತೆಯಲ್ಲಿ, ಸಿಲ್ಲಾ ಎಂಬ ಕಡಲರಕ್ಕಸಿ ಯುಲಿಸಿಸನ ಹಡಗುಗಳನ್ನು ಹಾಳುಮಾಡಿದಳೆಂದು ಹೇಳುವಾಗ ಈ ಕ್ರಿಯಾಪದವನ್ನು ಬಳಸಿದ್ದಾನೆ. ನಾವಿಕರನ್ನು ನಾಯಿಗಳು ಹರಿದು ತಿನ್ನುವಂಥ ಘೋರ ಸಂದರ್ಭಕ್ಕೆ ಇದು ತೀರ ಸಣ್ಣ ಪದವಾಯಿತೆಂದು ಕೆಲವು ವೈಯಾಕರಣರು ಕವಿಯನ್ನು ಆಕ್ಷೇಪಿಸಿದ್ದರು. ಕ್ರಿಸ್ತಶಕ ಎರಡನೆಯ ಶತಮಾನದ ಆಲಸ್ ಗೆಲಿಯಸ್ ತನ್ನ ‘ಆಟಿಕ್ ನೈಟ್ಸ್’ ಗ್ರಂಥದ ಎರಡನೆಯ ಸಂಪುಟದಲ್ಲಿ ಈ ಆಕ್ಷೇಪಣೆಯನ್ನು ಎತ್ತಿಕೊಂಡು, ಕವಿಯ ಪರವಾಗಿ ಉತ್ತರ ಬರೆದ. ಹೊರು, ಸಾಗಿಸು ಎಂಬ ಅರ್ಥದ ‘ವೆಹೆರೆ’ಯಿಂದ ಈ ಪದ ಹುಟ್ಟಿದೆ, ಮೂಲ ಕ್ರಿಯೆಗಿಂತ ಇದು ಹೆಚ್ಚು ತೀವ್ರವಾದದ್ದು, ಯಾರನ್ನು ಹೊತ್ತೊಯ್ದು ಅತ್ತಿಂದಿತ್ತ ಎಳೆದಾಡುತ್ತಾರೋ ಅವನಿಗೇ ಇದು ಸರಿಯಾಗಿ ಸಲ್ಲುತ್ತದೆ ಎಂಬುದು ಅವನ ವಾದ. ಜನರು ಹೊಗೆ, ಗಾಳಿ, ಧೂಳಿನ ತೊಂದರೆಗೂ ಈ ಪದವನ್ನು ಬಳಸುತ್ತಾರೆ ಎಂಬುದನ್ನು ಅವನು ಒಪ್ಪಿಕೊಳ್ಳುತ್ತಾನೆ. ಆದರೆ ಆಡುಮಾತಿನ ಬಳಕೆಯಿಂದ ಪದದ ಮೂಲಶಕ್ತಿ ಅಳಿಯುವುದಿಲ್ಲ ಎನ್ನುತ್ತಾನೆ.

ಹೊಗೆ, ಧೂಳಿನ ಕಿರಿಕಿರಿಯೂ ಹಡಗನ್ನು ಮುರಿಯುವ ಹಿಂಸೆಯೂ ಆ ಕಾಲಕ್ಕೇ ಒಂದೇ ಪದದಲ್ಲಿ ಇದ್ದವು ಎಂದಾಯಿತು. ಆದ್ದರಿಂದ ಶೇಕ್ಸ್‌ಪಿಯರನಿಂದ ಆಸ್ಟಿನ್‌ಗೆ ಬರುವಷ್ಟರಲ್ಲಿ ಪದ ಸವೆಯಿತೆಂದು ಹೇಳುವುದು ಸರಿಯಲ್ಲ.

ಹನುಮಂತನಗರದ ಅಧ್ಯಾಪಕಿ:
ಸರ್, ಈ ವಿಷಯ ನನಗೆ ಗೊತ್ತಿರಲಿಲ್ಲ. ತುಂಬ ಉಪಕಾರವಾಯಿತು. ‘ಎಳೆದಾಡು’ ಎಂಬ ನಿಮ್ಮ ಮಾತನ್ನು ಬರೆದಿಟ್ಟುಕೊಂಡಿದ್ದೇನೆ, ಅದರ ಬಗ್ಗೆ ಮತ್ತೆ ಬರೆಯುತ್ತೇನೆ.

ಕಡಲತಡಿಯಿಂದ ಬಂದವನು:
ನಾನು ಹುಟ್ಟಿ ಬೆಳೆದದ್ದು ಉಡುಪಿಯ ಕಡೆ, ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಯಿತು. ಹಡಗಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇಂಗ್ಲಿಷ್ ಕವಿಗಳು ಈ ಪದವನ್ನು ಕಡಲಿಗೆ ಮತ್ತೆ ಮತ್ತೆ ಬಳಸಿದ್ದಾರೆ. ‘ಲಿಯರ್’ ನಾಟಕದಲ್ಲಿಯೇ, ಹುಚ್ಚು ಹಿಡಿದು ಅಲೆಯುವ ತಂದೆಯನ್ನು ಕಾರ್ಡೀಲಿಯಾ ‘ವೆಕ್ಸ್’ ಆದ ಕಡಲಿಗೆ ಹೋಲಿಸುತ್ತಾಳೆ. ‘ಟೆಂಪೆಸ್ಟ್’ ನಾಟಕದಲ್ಲಿ ಏರಿಯಲ್ ಬರ್ಮುಡಾ ದ್ವೀಪಗಳ ಬಗ್ಗೆ ಹೇಳುವಾಗಲೂ ಬಿರುಗಾಳಿ ಎಂದೂ ನಿಲ್ಲದ ಜಾಗವೆಂಬ ಅರ್ಥದಲ್ಲಿ ಅದೇ ವಿಶೇಷಣವಿದೆ. ಮಿಲ್ಟನ್ 1667ರ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಗಾಳಿಯಿಂದ ಕೆಂಪು ಸಮುದ್ರದ ದಡವನ್ನು ‘ವೆಕ್ಸ್’ ಮಾಡಿಸುತ್ತಾನೆ. ಟೆನಿಸನ್ 1842ರಲ್ಲಿ ಪ್ರಕಟಿಸಿದ ‘ಯುಲಿಸಿಸ್’ ಕವಿತೆಯಲ್ಲಿ ಮಳೆ ತರುವ ನಕ್ಷತ್ರಪುಂಜದಿಂದ ಮಬ್ಬುಗಡಲನ್ನು ‘ವೆಕ್ಸ್’ ಮಾಡಿಸುತ್ತಾನೆ. ಕಡಲಿಗೆ ಯಾರಾದರೂ ಕಿರಿಕಿರಿ ಮಾಡುವುದುಂಟೇ?

ಇದಕ್ಕೆ ಕನ್ನಡದ ಪದವನ್ನು ನಾನು ಹುಡುಕಬೇಕಾಗಲಿಲ್ಲ. ಪ್ರತಿ ಮಳೆಗಾಲವೂ ನಮ್ಮೂರಿನ ಪತ್ರಿಕೆಗಳಲ್ಲಿ ‘ಕಡಲು ಪ್ರಕ್ಷುಬ್ಧಗೊಂಡಿದೆ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು’ ಎಂಬ ಎಚ್ಚರಿಕೆ ಬರುತ್ತದೆ. ಪತ್ರಿಕೆಗಳು ಗಲಭೆಯಾದ ಊರನ್ನೂ, ನೊಂದ ಮನಸ್ಸನ್ನೂ ಪ್ರಕ್ಷುಬ್ಧ ಎಂದೇ ಕರೆಯುತ್ತವೆ. ಕಡಲಿಗೂ ಮನಸ್ಸಿಗೂ ಸಲ್ಲುವ ಒಂದೇ ಪದ ಬೇಕಾದರೆ ಅದು ‘ಕ್ಷೋಭೆ’. ರಾಜಾಜಿನಗರದವರ ಪ್ರಶ್ನೆಗೂ ಇದೇ ಉತ್ತರ.

ಸಂಸ್ಕೃತ ವಿದ್ಯಾರ್ಥಿ:
ಬಹಳ ಒಳ್ಳೆಯ ಹೋಲಿಕೆ. ‘ಕ್ಷುಭ್’ ಧಾತುವಿಗೆ ಅಲುಗಾಡುವುದು, ಕಲಕಿಹೋಗುವುದು ಎಂದೇ ಅರ್ಥ. ಲ್ಯಾಟಿನ್ನಿನ ಪದಕ್ಕೆ ಇದು ಸಂಬಂಧಿಯಲ್ಲದಿದ್ದರೂ ಎರಡೂ ನಡೆದ ದಾರಿ ಒಂದೇ. ಒಂದು ಸಣ್ಣ ತಿದ್ದುಪಡಿಯಿದೆ. ಪಾಣಿನಿಯ ಸೂತ್ರದ ಪ್ರಕಾರ (7.2.18) ‘ಕ್ಷುಬ್ಧ’ ಎಂಬ ರೂಪ ‘ಮಂಥ’ ಎಂಬ ಅರ್ಥಕ್ಕೆ, ಅಂದರೆ ಕಡೆಯುವುದಕ್ಕೆ ಸಂಬಂಧಿಸಿದ್ದಕ್ಕೆ ಮೀಸಲು, ಉಳಿದ ಕಡೆ ‘ಕ್ಷುಭಿತ’ ಎನ್ನಬೇಕು. ನಿಷ್ಠುರವಾಗಿ ನೋಡಿದರೆ ‘ಕ್ಷುಭಿತ ಸಮುದ್ರ’ವೇ ಸರಿ.

ಕಡಲತಡಿಯಿಂದ ಬಂದವನು:
ಸೂತ್ರಕ್ಕೆ ನಮಸ್ಕಾರ. ಆದರೆ ಕನ್ನಡದಲ್ಲಿ ನೂರಾರು ಬಾರಿ ಅಚ್ಚಾಗಿ, ಮೀನುಗಾರರ ಕಿವಿಗೂ ಬಿದ್ದಿರುವ ರೂಪ ‘ಪ್ರಕ್ಷುಬ್ಧ’. ಸಂಸ್ಕೃತದಿಂದ ಬಂದ ಪದ ಕನ್ನಡದೊಳಗೆ ನೆಲೆನಿಂತ ಮೇಲೆ ಕನ್ನಡದ ಬಳಕೆಯೇ ಅದಕ್ಕೆ ಪ್ರಮಾಣವೆಂದು ನಾನು ತಿಳಿದಿದ್ದೇನೆ. ಅದೂ ಅಲ್ಲದೆ, ಮಳೆಗಾಲದ ಕಡಲನ್ನು ಒಮ್ಮೆ ಕಣ್ಣಾರೆ ಕಂಡವರು ಅದನ್ನು ಯಾರೋ ಕಡೆಯುತ್ತಿದ್ದಾರೆ ಎನ್ನದೆ ಇರಲಾರರು.

ಚಾಮರಾಜಪೇಟೆ:
ನನ್ನ ತಕರಾರು ಬೇರೆ. ‘ಕ್ಷೋಭೆ’ ಪುಸ್ತಕದ ಪದ. ಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಕಲಕು, ಕದಡು ಎಂಬ ಅಚ್ಚಗನ್ನಡ ಕ್ರಿಯಾಪದಗಳು ಇರುವಾಗ ಸಂಸ್ಕೃತದ ಬಾಗಿಲಿಗೆ ಏಕೆ ಹೋಗಬೇಕು? ಕೆರೆಯ ನೀರು ಕದಡುತ್ತದೆ, ಮನಸ್ಸೂ ಕದಡುತ್ತದೆ. ಕೆಟ್ಟ ಸುದ್ದಿ ಕೇಳಿದರೆ ಹೊಟ್ಟೆ ಕಲಕಿದಂತಾಗುತ್ತದೆ. ಇನ್ನು ‘ಕಿರಿಕಿರಿ’ಯ ಬಗ್ಗೆ ಇಲ್ಲಿ ಎಲ್ಲರೂ ಹಗುರವಾಗಿ ಮಾತನಾಡುತ್ತಿದ್ದೀರಿ. ಅನ್ನದಲ್ಲಿ ಮರಳು ಸಿಕ್ಕಿದಾಗ, ಕಣ್ಣಿಗೆ ಧೂಳು ಬಿದ್ದಾಗ ಆಗುವ ಅನುಭವವನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಪದ ಯಾವ ಭಾಷೆಯಲ್ಲಿದೆ? ಗೆಲಿಯಸ್ ಹೇಳಿದ ಹೊಗೆ, ಧೂಳಿಗೆ ಅದು ನೂರಕ್ಕೆ ನೂರು ಸರಿ.

ಅನುವಾದಕಿ, ಜಯನಗರ:
‘ಕದಡು’ ಎಂಬುದನ್ನು ಸಂತೋಷದಿಂದ ಒಪ್ಪಿದೆ. ಆದರೆ ಕದಡಿದ ನೀರು ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತದೆ. ಬಿರುಗಾಳಿಗೆ ಸಿಕ್ಕಿದ ಕಡಲಿಗೆ ಅದು ಸಾಲದು. ಅಲ್ಲಿ ‘ಪ್ರಕ್ಷುಬ್ಧ’ವೇ ಇರಲಿ.

ವಕೀಲ, ಬಸವನಗುಡಿ:
ಈ ಪದ ಇಂದಿಗೂ ಪ್ರತಿದಿನ ಓಡಾಡುವ ಒಂದು ಜಾಗವೆಂದರೆ ನ್ಯಾಯಾಲಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮು ಸುಳ್ಳು ಅಥವಾ ‘ವೆಕ್ಸೇಷಸ್’ ದಾವೆ ಹೂಡಿದವರಿಂದ ಎದುರುಪಕ್ಷಕ್ಕೆ ಮೂರು ಸಾವಿರ ರೂಪಾಯಿ ಮೀರದ ಪರಿಹಾರ ವೆಚ್ಚ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡುತ್ತದೆ. ವಾದಪತ್ರಗಳಲ್ಲಿರುವ ಅಂಥ ಮಾತುಗಳನ್ನು ಹೊಡೆದುಹಾಕಿಸಲು ಆರನೆಯ ಆದೇಶದ 16ನೆಯ ನಿಯಮವಿದೆ. ಹುರುಳಿಲ್ಲದ ದಾವೆಗಳನ್ನು ಪದೇ ಪದೇ ಹೂಡುವವರನ್ನು ತಡೆಯಲೆಂದೇ ಇಂಗ್ಲೆಂಡಿನಲ್ಲಿ 1896ರಲ್ಲಿಯೂ ಮದ್ರಾಸಿನಲ್ಲಿ 1949ರಲ್ಲಿಯೂ ಪ್ರತ್ಯೇಕ ಕಾಯಿದೆಗಳು ಬಂದವು.

ಇಲ್ಲಿ ಯಾರೂ ಇದನ್ನು ‘ಕಿರಿಕಿರಿಯ ದಾವೆ’ ಎನ್ನುವುದಿಲ್ಲ, ಸರಿಯಾದ ಪದ ‘ಕಿರುಕುಳ’. ಸೋಲುತ್ತೇನೆಂದು ಗೊತ್ತಿದ್ದೂ ಎದುರಾಳಿಯನ್ನು ವರ್ಷಗಟ್ಟಲೆ ಕಟಕಟೆಗೆ ಅಲೆದಾಡಿಸುವವನನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ. ನನ್ನ ಕಕ್ಷಿದಾರರೊಬ್ಬರು, ವಯಸ್ಸಾದ ಹೆಂಗಸು, ಹತ್ತು ವರ್ಷ ವಾಯಿದೆಯಿಂದ ವಾಯಿದೆಗೆ ನಡೆದು ಗೆದ್ದರು. ಗೆದ್ದ ದಿನ ಅವರಿಗೆ ಸಂತೋಷಪಡುವ ಚೈತನ್ಯವೂ ಉಳಿದಿರಲಿಲ್ಲ. ಅತ್ತಿಂದಿತ್ತ ಎಳೆದಾಡುವುದೆಂಬ ಆ ಹಳೆಯ ಅರ್ಥವನ್ನು ಇಲ್ಲಿ ಓದಿದಾಗ ನನಗೆ ಅವರೇ ನೆನಪಾದರು.

ಹೆಣ್ಣೂರಿನವಳು:
ನನ್ನದು ಪುಸ್ತಕದ ಉದಾಹರಣೆಯಲ್ಲ. ನಮ್ಮ ಮನೆಯ ಮಹಡಿಯಲ್ಲಿ ನೈಜೀರಿಯಾದಿಂದ ಓದಲು ಬಂದ ಹುಡುಗಿಯೊಬ್ಬಳು ಎರಡು ವರ್ಷ ಬಾಡಿಗೆಗೆ ಇದ್ದಳು. ಒಂದು ರಾತ್ರಿ ತಡವಾಗಿ ಬಂದು ಗೇಟು ತೆಗೆಸಿದಾಗ, ನನ್ನ ಮುಖ ನೋಡಿ ‘ಆಂಟಿ, ನೋ ವೆಕ್ಸ್’ ಎಂದಳು. ಅವರ ಪಿಜಿನ್ ಇಂಗ್ಲಿಷಿನಲ್ಲಿ ಅದು ಕ್ಷಮೆ ಕೇಳುವ ಮಾತು, ಸಿಟ್ಟಾಗಬೇಡಿ ಎಂದರ್ಥ. ಜಮೈಕಾ, ಟ್ರಿನಿಡಾಡ್ ಕಡೆಯವರೂ ಸಿಟ್ಟಾಗಿದ್ದೇನೆ ಎನ್ನಲು ‘ವೆಕ್ಸ್’ ಎಂದೇ ಹೇಳುತ್ತಾರೆ. ನಮ್ಮ ತಾಯಿಗೆ ಇದನ್ನು ವಿವರಿಸಿದಾಗ, ಅವರು ತಡಮಾಡದೆ ‘ಬೇಜಾರು ಮಾಡಿಕೊಳ್ಳಬೇಡಿ ಅಂತ ತಾನೇ?’ ಎಂದರು. ನಾಲ್ಕು ಶತಮಾನದ ಸಾಹಿತ್ಯವನ್ನು ಇಲ್ಲಿ ಚರ್ಚಿಸುತ್ತಿರುವವರು, ಈ ಪದವನ್ನು ಇಂದು ಬಾಯಿತುಂಬ ಆಡುತ್ತಿರುವ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಲ್ಲೇಶ್ವರದ ಓದುಗ:
ಒಳ್ಳೆಯ ಮಾತು ಹೇಳಿದಿರಿ. ‘ಬೇಜಾರು’ ಕೂಡ ಪಾರಸಿಯ ‘ಬೇಜಾರ್’ ಪದದಿಂದ ನಮ್ಮಲ್ಲಿಗೆ ಬಂದು, ಬೇಸರ, ದುಃಖ, ಮುನಿಸು ಎಲ್ಲವನ್ನೂ ಹೊತ್ತುಕೊಂಡ ಪದ.

ಸುದ್ದಿಮನೆಯಲ್ಲಿದ್ದವನು:
ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಪದಕ್ಕೆ ಇನ್ನೊಂದು ಬಾಳು ಇದೆ. ಬದುಕಿನಿಂದ ‘ವೆಕ್ಸ್’ ಆಗಿ ಎಂದು ಅವರು ಬರೆಯುವ ಕಡೆ ಕನ್ನಡ ಪತ್ರಿಕೆಗಳು ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ಬರೆಯುತ್ತವೆ. ನಾನೂ ಹಾಗೆ ಬರೆದವನೇ, ಈಗ ಅದು ತಪ್ಪೆಂದು ನನಗೆ ಅನ್ನಿಸುತ್ತದೆ. ಜುಗುಪ್ಸೆ ಎಂದರೆ ಹೇಸಿಗೆ. ರಸಶಾಸ್ತ್ರದಲ್ಲಿ ಅದು ಬೀಭತ್ಸದ ಸ್ಥಾಯಿಭಾವ. ಸಾಲಕ್ಕೋ ಅವಮಾನಕ್ಕೋ ಸಿಕ್ಕಿ ನಲುಗಿದ ಮನುಷ್ಯನಿಗೆ ಬದುಕಿನ ಮೇಲೆ ಹೇಸಿಗೆ ಇತ್ತೆಂದು ಬರೆಯಲು ನಮಗೆ ಯಾವ ಅಧಿಕಾರವಿದೆ? ಅಲ್ಲಿ ನೊಂದ, ನಲುಗಿದ, ಬಳಲಿದ ಎಂಬ ಪದಗಳು ಹೆಚ್ಚು ನಿಜ, ಹೆಚ್ಚು ಮರ್ಯಾದೆಯವು.

ರಾಜಾಜಿನಗರ ಎರಡನೇ ಬ್ಲಾಕ್:
ಒಪ್ಪಿದೆ. ಒಂದು ಸೇರಿಕೆ ಮಾತ್ರ: ಈ ಪದಕ್ಕೆ ಎಲ್ಲೆಡೆ ದುಃಖವೇ ಇಲ್ಲ. ‘ಗಲಿವರ್ಸ್ ಟ್ರಾವೆಲ್ಸ್’ ಪ್ರಕಟವಾಗುವ ಹಿಂದಿನ ವರ್ಷ, 1725ರಲ್ಲಿ, ಜೋನಥನ್ ಸ್ವಿಫ್ಟ್ ಕವಿ ಪೋಪನಿಗೆ ಬರೆದ ಪತ್ರದಲ್ಲಿ ತನ್ನ ಎಲ್ಲ ಶ್ರಮದ ಮುಖ್ಯ ಗುರಿ ಲೋಕವನ್ನು ರಂಜಿಸುವುದಲ್ಲ, ‘ವೆಕ್ಸ್’ ಮಾಡುವುದು ಎಂದಿದ್ದಾನೆ. ಇದಕ್ಕೆ ‘ಕೆಣಕು’ ಎಂಬ ಒಂದೇ ಕನ್ನಡ ಪದ ಹೊಂದುತ್ತದೆ.

ಲ್ಯಾಟಿನ್ ಕಲಿತವನು:
ಇನ್ನೂ ಎರಡು ಉದಾಹರಣೆಗಳನ್ನು ಹೇಳದೆ ಇರಲಾರೆ. 1611ರ ಇಂಗ್ಲಿಷ್ ಬೈಬಲ್ ಪ್ರಸಂಗಿಯ ಪುಸ್ತಕದಲ್ಲಿ ಎಲ್ಲವೂ ವ್ಯರ್ಥ, ಎಲ್ಲವೂ ಆತ್ಮದ ‘ವೆಕ್ಸೇಷನ್’ ಎನ್ನುತ್ತದೆ. ಮೂಲ ಹೀಬ್ರೂವಿನ ‘ರೂಆಖ್’ ಪದಕ್ಕೆ ಆತ್ಮ, ಉಸಿರು, ಗಾಳಿ ಎಂಬ ಮೂರೂ ಅರ್ಥಗಳಿವೆ. ಆದ್ದರಿಂದಲೇ ಈಚಿನ ಇಂಗ್ಲಿಷ್ ಅನುವಾದಗಳೂ ನಮ್ಮ ಕನ್ನಡ ಬೈಬಲ್ಲೂ ಅದನ್ನು ಗಾಳಿಯನ್ನು ಹಿಂದಟ್ಟುವ ಕೆಲಸವೆಂದು ಹೇಳುತ್ತವೆ. ಕನ್ನಡದ ರೂಪವೇ ಮೂಲಕ್ಕೆ ಹತ್ತಿರ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯದು ಯೇಟ್ಸ್ ಕವಿ 1920ರಲ್ಲಿ ಪ್ರಕಟಿಸಿದ ‘ದ ಸೆಕೆಂಡ್ ಕಮಿಂಗ್’. ಇಪ್ಪತ್ತು ಶತಮಾನಗಳ ಕಲ್ಲಿನಂಥ ನಿದ್ರೆಯನ್ನು ತೂಗುವ ತೊಟ್ಟಿಲೊಂದು ‘ವೆಕ್ಸ್’ ಮಾಡಿ ದುಃಸ್ವಪ್ನವಾಗಿಸಿತು ಎನ್ನುತ್ತಾನೆ. ತೊಟ್ಟಿಲು ತೂಗುವುದು ನಿದ್ರೆ ಬರಿಸುವುದಕ್ಕೆ. ಇಲ್ಲಿ ಅದೇ ತೂಗಾಟ ನಿದ್ರೆಯನ್ನು ಅಲುಗಿಸಿ ಕೆಡಿಸುತ್ತದೆ. ಅಲುಗಾಡಿಸು ಎಂಬ ಮೂಲಾರ್ಥವನ್ನು ತಿಳಿಯದೆ ಆ ಸಾಲನ್ನು ಓದಿದರೆ ಅರ್ಧ ಕವಿತೆ ಕೈತಪ್ಪಿದಂತೆ. ಆಸ್ಟಿನ್ ಬರೆದು ನೂರು ವರ್ಷ ಕಳೆದ ಮೇಲೂ ಪದಕ್ಕೆ ಇಷ್ಟು ಬಲವಿತ್ತು ಎಂಬುದನ್ನು ಗಮನಿಸಬೇಕು.

ಚಾಮರಾಜಪೇಟೆ:
ಈ ಮಾತು ಓದಿದ ಮೇಲೆ ನನ್ನ ಅಜ್ಜಿ ತೀರಿಕೊಂಡ ರಾತ್ರಿ ನೆನಪಾಯಿತು. ಅವರು ಕೊನೆಯುಸಿರು ಎಳೆಯುತ್ತಿದ್ದಾಗ ಚಿಕ್ಕಮ್ಮ ಭುಜ ಹಿಡಿದು ಅಲುಗಿಸಿ, ‘ಅಮ್ಮಾ, ಕಣ್ಣು ಬಿಡಮ್ಮಾ, ನನ್ನ ನೋಡಮ್ಮಾ’ ಎಂದು ಕೂಗುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪ ಮೆಲ್ಲಗೆ ಬಂದು ಅವರ ಕೈ ಬಿಡಿಸಿ, ‘ಜೀವ ಎಳೆದಾಡಬೇಡವೇ, ನೆಮ್ಮದಿಯಾಗಿ ಹೋಗಲಿ ಬಿಡು’ ಎಂದರು. ಅವರು ಓದಿದ್ದು ನಾಲ್ಕನೇ ತರಗತಿ. ಕೆಂಟ್ ಹೇಳಿದ್ದೂ ಇದನ್ನೇ ಅಲ್ಲವೇ?

ಹನುಮಂತನಗರದ ಅಧ್ಯಾಪಕಿ:
ಇದನ್ನೇ. ಎಡ್ಗರ್ ಕೂಡ ದೊರೆಯೇ, ಕಣ್ಣೆತ್ತಿ ನೋಡಿ ಎಂದೇ ಕೂಗುತ್ತಾನೆ. ಕೆಂಟ್ ಅವನನ್ನು ತಡೆದು, ಹೋಗಲು ಬಿಡಿ ಎನ್ನುತ್ತಾನೆ. ಈ ಗಡುಸು ಲೋಕವೆಂಬ ಹಿಂಸೆಯ ಚೌಕಟ್ಟಿನ ಮೇಲೆ ಅವನನ್ನು ಇನ್ನೂ ಎಳೆದು ಹಿಗ್ಗಿಸಲು ನೋಡುವವನು ಅವನನ್ನು ದ್ವೇಷಿಸುವವನೇ ಸರಿ ಎಂದು ಮುಂದುವರಿಸುತ್ತಾನೆ. ಕೈಕಾಲು ಕಟ್ಟಿ ಎಳೆಯುವ ಆ ಯಂತ್ರದ ಚಿತ್ರ ಮುಂದಿನ ಸಾಲಿನಲ್ಲೇ ಇದೆ. ಹಿಂದಿನ ಸಾಲಿನ ಕ್ರಿಯಾಪದದ ಒಳಗೂ ಅದೇ ಎಳೆದಾಟವಿದೆ ಎಂಬುದು ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಹೊಳೆದಿರಲಿಲ್ಲ. ನಾಳೆ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆಯಲಿರುವುದು ಹೀಗೆ: ‘ಅವನ ಜೀವವನ್ನು ಎಳೆದಾಡಬೇಡಿ, ಹೋಗಲಿ, ಬಿಡಿ.’

ಅನುವಾದಕಿ, ಜಯನಗರ:
ಬಹಳ ಚೆನ್ನಾಗಿದೆ. ಆದರೆ ಮುಂದಿನ ಸಾಲಿನಲ್ಲಿ ಯಂತ್ರಕ್ಕೂ ‘ಎಳೆ’ ಎಂಬುದೇ ಬರುವುದರಿಂದ ಎರಡು ಕಡೆ ಒಂದೇ ಪದ ಆಗುವುದಿಲ್ಲವೇ? ಮೊದಲನೆಯದನ್ನು ‘ಅಲುಗಿಸಬೇಡಿ’ ಎಂದು ಮಾಡಿ ನೋಡಿ.

ಚಾಮರಾಜಪೇಟೆ:
ಬೇಡ, ‘ಎಳೆದಾಡಬೇಡಿ’ಯೇ ಇರಲಿ. ಯಂತ್ರದ ಸಾಲಿಗೆ ‘ಹಿಗ್ಗಿಸು’ ಒಂದೇ ಸಾಕು.

ಹನುಮಂತನಗರದ ಅಧ್ಯಾಪಕಿ:
ಹಾಗೆಯೇ ಬರೆಯುತ್ತೇನೆ. ದೆವ್ವ, ಕಿರಿಕಿರಿ ಎಂದ ಹುಡುಗನನ್ನೇ ಎದ್ದು ಓದಲು ಹೇಳುತ್ತೇನೆ, ಯಾರೂ ನಗುವುದಿಲ್ಲ.